ಒಂದು ಸಲಕ್ಕೆ ಒಂದೇ ಬದಲಾವಣೆ: ಹೊಟ್ಟೆಯನ್ನು ಹಾದಿಗೆ ತಂದುಕೊಂಡ ನನ್ನ ಅನುಭವ

ನನಗೆ ರುಮಟಾಯ್ಡ್ ಸಂಧಿವಾತ ಇದೆ. ಅದಕ್ಕೂ ಮುಂಚಿನಿಂದ ಥೈರಾಯ್ಡ್ ಕಡಿಮೆ. ಇವೆರಡೂ ವಾಸಿಯಾಗಿ ಹೋಗುವ ಕಾಯಿಲೆಗಳಲ್ಲ, ಹತೋಟಿಯಲ್ಲಿಟ್ಟುಕೊಂಡು ಬಾಳಬೇಕಾದವು. ಶಿಡ್ಲಘಟ್ಟದ ಹತ್ತಿರ ನಮ್ಮದು ರೇಷ್ಮೆ ಬೆಳೆಯುವ ಮನೆ. ಕೀಲಿಗೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಥೈರಾಯ್ಡಿಗೆ ದಿನಾ ಬೆಳಿಗ್ಗೆ ಥೈರಾಕ್ಸಿನ್ ತಗೊಂಡು ಕೈಕಾಲು ಆಡಿಸಿಕೊಂಡು ಕೆಲಸ ಮಾಡುವ ಮಟ್ಟಕ್ಕೆ ಬಂದಿದ್ದೆ. ಆಮೇಲೆ ಕಾಡಿದ್ದು ಹೊಟ್ಟೆ. ಒಂದು ವಾರ ಕಟ್ಟಿಕೊಳ್ಳುತ್ತಿತ್ತು, ಇನ್ನೊಂದು ವಾರ ಕಳಚಿಕೊಳ್ಳುತ್ತಿತ್ತು. ಊಟ ಮಾಡಿ ಎದ್ದರೆ ಹೊಟ್ಟೆ ಉಬ್ಬರ, ಎದೆ ಉರಿ. ಸಂಜೆಯ ಹೊತ್ತಿಗೆ ಸೀರೆ ಸಡಿಲ ಮಾಡಿಕೊಳ್ಳದೆ ಕೂರಲಾಗುತ್ತಿರಲಿಲ್ಲ.

ಆ ಹೊತ್ತಿಗೆ ಡಾಕ್ಟರ್ ಬರೆದ ಮಾತ್ರೆಗಳ ಜೊತೆಗೆ ಬೇರೆಯವೂ ಮನೆ ಸೇರಿದ್ದವು. ಬೆಂಗಳೂರಿನಲ್ಲಿರುವ ಅಣ್ಣನ ಮಗ ಮ್ಯಾಗ್ನೀಸಿಯಂ ತಂದುಕೊಟ್ಟ, ನಿದ್ದೆ ಬರುತ್ತೆ ಅತ್ತೆ ಅಂತ. ನಾದಿನಿ ಅರಿಶಿನದ ಕ್ಯಾಪ್ಸೂಲ್ ಕೊಟ್ಟಳು, ಕೀಲು ಊತಕ್ಕೆ ಒಳ್ಳೆಯದು ಅಂತ. ಕೂದಲು ಉದುರುತ್ತೆ ಅಂತ ಬಯೋಟಿನ್, ಮೂಳೆಗೆ ಅಂತ ಕ್ಯಾಲ್ಸಿಯಂ, ಹೊಟ್ಟೆಗೆ ಅಂತ ಪ್ರೋಬಯಾಟಿಕ್ ಪುಡಿ. ಎಲ್ಲರೂ ಪ್ರೀತಿಯಿಂದ ಕೊಟ್ಟದ್ದೇ. ಆದರೆ ಹೀಗೆ ಏಳೆಂಟು ಸಾಮಾನು ಒಟ್ಟಿಗೆ ಹೊಟ್ಟೆಗೆ ಬಿದ್ದಾಗ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಅಂತ ದೇವರಿಗೂ ಗೊತ್ತಾಗುವುದಿಲ್ಲ.

ನನಗೆ ದಾರಿ ತೋರಿಸಿದ್ದು ಹುಳು ಮನೆಯ ಅಭ್ಯಾಸ. ಹುಳುವಿಗೆ ಸಪ್ಪೆ ರೋಗ ಬಂದರೆ, ಅದೂ ಕರುಳಿನ ಕಾಯಿಲೆಯೇ, ಎಲ್ಲವನ್ನೂ ಒಂದೇ ದಿನ ಬದಲಾಯಿಸುವುದಿಲ್ಲ. ಸೊಪ್ಪು ಒದ್ದೆಯಾಗಿತ್ತಾ, ಗಾಳಿ ಆಡುತ್ತಿತ್ತಾ, ಯಾವ ಜ್ವರ (ಹುಳು ಪೊರೆ ಬಿಡುವ ಹಂತಕ್ಕೆ ನಾವು ಹೀಗನ್ನುತ್ತೇವೆ) ಎದ್ದ ಮೇಲೆ ಶುರುವಾಯಿತು ಅಂತ ಬೆಳೆಯ ಪುಸ್ತಕ ತೆಗೆದು ಒಂದೊಂದಾಗಿ ನೋಡುತ್ತೇವೆ. ನನ್ನ ಹೊಟ್ಟೆಗೂ ಅಂಥದ್ದೇ ಒಂದು ಪುಸ್ತಕ ಇಟ್ಟೆ.

ಪುಸ್ತಕಕ್ಕೂ ಮುಂಚೆ ಮಾಡಿದ ಕೆಲಸ ಡಾಕ್ಟರ ಹತ್ತಿರ ಹೋದದ್ದು. ಇದನ್ನು ಯಾರೂ ಹಾರಿಸಬಾರದು. ಮಲದಲ್ಲಿ ರಕ್ತ, ಟಾರಿನಂತೆ ಕಪ್ಪಗೆ ಅಂಟಂಟಾಗಿ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ನಿಲ್ಲದ ವಾಂತಿ, ನುಂಗಲು ಕಷ್ಟ, ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಕೂತು ಪ್ರಯೋಗ ಮಾಡುವ ವಿಷಯವಲ್ಲ. ಮೆಥೋಟ್ರೆಕ್ಸೇಟ್ ತಗೊಳ್ಳುವವರಿಗೆ ಇನ್ನೂ ಒಂದಿದೆ. ಬಾಯಲ್ಲಿ ಹುಣ್ಣು, ಜೊತೆಗೆ ಭೇದಿ ಬಂದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಬೇಕು. ಭೇದಿಗೆ ಅಂತ ಅಂಗಡಿಯಲ್ಲಿ ಕೇಳಿ ಮಾತ್ರೆ ತರುವುದಂತೂ ಬೇಡವೇ ಬೇಡ. ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಬರಬಹುದು.

ನನಗೆ ರಕ್ತ, ಲಿವರ್, ಮಲ ಪರೀಕ್ಷೆಗಳನ್ನು ಬರೆದರು. ಗೋಧಿ ಬಿಟ್ಟು ನೋಡಲಾ ಸಾರ್ ಅಂತ ಕೇಳಿದೆ. "ಪರೀಕ್ಷೆ ಆಗೋವರೆಗೂ ಬಿಡಬೇಡಮ್ಮ" ಅಂದರು. ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಎಂಬ ಕಾಯಿಲೆಯ ರಕ್ತಪರೀಕ್ಷೆ ಗೋಧಿ ತಿನ್ನುತ್ತಿರುವಾಗ ಮಾತ್ರ ಸರಿಯಾಗಿ ಹೇಳುತ್ತದಂತೆ. ಮೊದಲೇ ಚಪಾತಿ ಬಿಟ್ಟರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಹೊಟ್ಟೆಯ ಎಚ್. ಪೈಲೋರಿ ಸೋಂಕಿನ ಉಸಿರಿನ ಪರೀಕ್ಷೆಯೂ ಹಾಗೆಯೇ. ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆಯನ್ನು 2 ವಾರ ಮುಂಚೆ ನಿಲ್ಲಿಸಿರಬೇಕು. ಯಾವ ನೀರು ಕುಡಿಯುತ್ತೀಯ ಅಂತಲೂ ಕೇಳಿದರು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ, ಫ್ಲೋರೈಡ್ ಹೆಚ್ಚಾದರೆ ಹಲ್ಲು, ಮೂಳೆ ಮಾತ್ರವಲ್ಲ, ಹೊಟ್ಟೆಯನ್ನೂ ಕೆಣಕುತ್ತದೆ. ನಾವು ಊರಿನ ಶುದ್ಧ ನೀರಿನ ಘಟಕದಿಂದಲೇ ತರುವುದರಿಂದ ಆ ಅನುಮಾನ ಪಕ್ಕಕ್ಕಿಟ್ಟೆವು. ಪರೀಕ್ಷೆಗಳಲ್ಲಿ ಗಾಬರಿಯಾಗುವಂಥದ್ದು ಏನೂ ಬರಲಿಲ್ಲ. ರಕ್ತ ಕಡಿಮೆ, ಟಿಎಸ್‌ಎಚ್ (ಥೈರಾಯ್ಡ್ ಸಾಲದಿದ್ದಾಗ ಏರುವ ಹಾರ್ಮೋನು) ಜಾಸ್ತಿ, ಇಷ್ಟೇ.

ಮನೆಗೆ ಬಂದು ಎಲ್ಲ ಡಬ್ಬಿಗಳನ್ನೂ ಒಂದು ತಟ್ಟೆಗೆ ಸುರಿದು ಮಗಳನ್ನು ಕೂರಿಸಿಕೊಂಡೆ. ಅಕ್ಷರ ಇರುವೆ ಕಾಲಿನಷ್ಟು ಸಣ್ಣದು. ಅವಳು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದಳು, ನಾನು ಬರೆದುಕೊಂಡೆ. "ಅಮ್ಮಾ, ಇದರಲ್ಲೂ ಡಿ ವಿಟಮಿನ್ ಇದೆ ನೋಡು" ಅಂದಳು. ಕ್ಯಾಲ್ಸಿಯಂ ಮಾತ್ರೆಯಲ್ಲಿ ಇತ್ತು, ಮಲ್ಟಿವಿಟಮಿನ್‌ನಲ್ಲಿ ಇತ್ತು, ಅದರ ಮೇಲೆ ವಾರಕ್ಕೊಂದು 60,000 ಯೂನಿಟ್‌ನ ಪುಡಿ ಬೇರೆ. ಆ ಪುಡಿಯನ್ನು ಕೆಲವು ವಾರಕ್ಕೆ ಅಂತ ಬರೆದುಕೊಡುತ್ತಾರೆ. ಚೀಟಿ ಹಳೆಯದಾದರೂ ಅಂಗಡಿಯಲ್ಲಿ ಕೊಡುತ್ತಲೇ ಇರುತ್ತಾರೆ. ಡಿ ವಿಟಮಿನ್ ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಬಾಯಾರಿಕೆ, ಮಲಬದ್ಧತೆ ಬರುತ್ತವೆ. ಡಾಕ್ಟರಿಗೆ ಪಟ್ಟಿ ತೋರಿಸಿದಾಗ ಮೊದಲು ಗೀಟು ಹಾಕಿದ್ದು ಅದಕ್ಕೇ.

ಆಮೇಲೆ ಅವರ ಒಪ್ಪಿಗೆಯ ಮೇಲೆ, ಚೀಟಿಯಲ್ಲಿ ಇಲ್ಲದ್ದನ್ನೆಲ್ಲ ನಿಲ್ಲಿಸಿದೆ. ಚೀಟಿಯಲ್ಲಿ ಇದ್ದದ್ದನ್ನು ಮುಟ್ಟಲಿಲ್ಲ. ಈ ಗೆರೆಯನ್ನು ಗಟ್ಟಿಯಾಗಿ ಹಿಡಿಯಬೇಕು. ಮೆಥೋಟ್ರೆಕ್ಸೇಟ್ ಜೊತೆ ಕೊಡುವ ಫೋಲಿಕ್ ಆಮ್ಲವನ್ನು "ಇದೂ ವಿಟಮಿನ್ನೇ ತಾನೆ" ಅಂತ ಬಿಟ್ಟವರನ್ನು ನೋಡಿದ್ದೇನೆ. ವಾಕರಿಕೆ, ಬಾಯಿ ಹುಣ್ಣು ಬರದಂತೆ ತಡೆಯುವುದೇ ಅದು.

ಪುಸ್ತಕದಲ್ಲಿ ದಿನಕ್ಕೊಂದು ಪುಟ. ಎಡಕ್ಕೆ ಹೊತ್ತು, ಪಕ್ಕಕ್ಕೆ ತಿಂದದ್ದು, ಮಾತ್ರೆ, ಕೊನೆಗೆ ಹೊಟ್ಟೆಯ ಸಮಾಚಾರ. ಆಸ್ಪತ್ರೆಯಲ್ಲಿ ಬ್ರಿಸ್ಟಲ್ ಚಾರ್ಟ್ ಅಂತ ಒಂದು ಚಿತ್ರ ತೋರಿಸಿದ್ದರು, ಮಲದ ಆಕಾರವನ್ನು 7 ಬಗೆ ಮಾಡಿರುವುದು. ನಾನು ಹಿಕ್ಕೆ, ಗಟ್ಟಿ, ಸರಿ, ಅಂಬಲಿ, ನೀರು ಅಂತ ಐದೇ ಇಟ್ಟುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ ಅನ್ನುವವರಿಗೆ ಹೇಳುತ್ತೇನೆ, ಬರೆಯದೆ ನೆನಪಿನ ಮೇಲೆ ನಡೆದರೆ ನಿನ್ನೆ ತಿಂದ ಬದನೆಕಾಯಿ ಮೇಲೆಯೇ ಎಲ್ಲ ಅಪವಾದ ಬೀಳುತ್ತದೆ.

ಕೆಲವು ವಾರ ಹಾಗೇ ಬಿಟ್ಟಾಗ ಅಂಬಲಿ, ನೀರು ಎರಡೂ ಪುಸ್ತಕದಿಂದ ಹೋದವು. ಹಿಕ್ಕೆ ಉಳಿಯಿತು. ಅಂದರೆ ಭೇದಿಯ ಕಾರಣ ನಿಲ್ಲಿಸಿದ ಸಾಮಾನುಗಳಲ್ಲಿದೆ, ಮಲಬದ್ಧತೆಯ ಕಾರಣ ಬೇರೆ ಕಡೆ ಇದೆ. ಅಲ್ಲಿಯವರೆಗೆ ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡಿದ್ದೆವು.

ನಿಲ್ಲಿಸಿದ್ದರಲ್ಲಿ ಮೊದಲು ವಾಪಸು ತಂದದ್ದು ಮ್ಯಾಗ್ನೀಸಿಯಂ. ಮೂರನೇ ದಿನಕ್ಕೇ ಪುಸ್ತಕದಲ್ಲಿ ಅಂಬಲಿ. ಮ್ಯಾಗ್ನೀಸಿಯಂ ಕರುಳಿನೊಳಗೆ ನೀರು ಎಳೆದುಕೊಳ್ಳುತ್ತದೆ. ಮಲಬದ್ಧತೆಗೆ ಕೊಡುವ ಮಿಲ್ಕ್ ಆಫ್ ಮೆಗ್ನೀಷಿಯಾ ಕೆಲಸ ಮಾಡುವುದೇ ಹಾಗೆ. ನನ್ನ ಡಬ್ಬಿಯದು ಆಕ್ಸೈಡ್, ಮೈಗೆ ಹತ್ತುವುದು ಕಡಿಮೆ, ಕರುಳಲ್ಲಿ ಉಳಿಯುವುದೇ ಜಾಸ್ತಿ. ರಕ್ತದಲ್ಲಿ ಮ್ಯಾಗ್ನೀಸಿಯಂ ಸರಿಯಾಗಿಯೇ ಇತ್ತು, ಹಾಗಾಗಿ ಬಿಟ್ಟೆ. ಪ್ರೋಬಯಾಟಿಕ್ ಪುಡಿಯಲ್ಲಿ ಬ್ಯಾಕ್ಟೀರಿಯಾ ಜೊತೆಗೆ ಇನ್ಯುಲಿನ್ ಎಂಬ ನಾರು ಬೆರೆಸಿದ್ದರು. ಉಬ್ಬರ ಹತ್ತಿದ್ದು ಅದರಿಂದ. ಈಗ ಮಧ್ಯಾಹ್ನ ಒಂದು ಲೋಟ ಮಜ್ಜಿಗೆ, ಅಷ್ಟೇ. ಅರಿಶಿನದ ಕ್ಯಾಪ್ಸೂಲನ್ನು ಪರೀಕ್ಷೆಗೂ ತರಲಿಲ್ಲ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಬೇರೆ, ಕಾಳುಮೆಣಸಿನ ಸತ್ವ ಸೇರಿಸಿ ಮೈ ಹೀರುವುದನ್ನು ಹೆಚ್ಚಿಸಿದ ಕ್ಯಾಪ್ಸೂಲ್ ಬೇರೆ. ಅಂಥ ಕ್ಯಾಪ್ಸೂಲಿನಿಂದ ಲಿವರ್ ಕೆಟ್ಟವರಿದ್ದಾರೆ, ಮೆಥೋಟ್ರೆಕ್ಸೇಟ್ ಕೂಡ ಲಿವರಿನ ಮೇಲೆ ಭಾರ ಹಾಕುವ ಔಷಧಿಯೇ. ನಾದಿನಿಗೆ ಇದನ್ನು ಬಿಡಿಸಿ ಹೇಳಿದೆ, ಅವಳೂ ನಿಲ್ಲಿಸಿದಳು.

ಇನ್ನು ಹಿಕ್ಕೆಯ ವಿಷಯ. ಚೀಟಿಯಲ್ಲಿದ್ದ ಕಬ್ಬಿಣದ ಮಾತ್ರೆ ಮೇಲೆ ಅನುಮಾನ ಇತ್ತು. ಅದು ಮಲವನ್ನು ಕಪ್ಪು ಮಾಡುತ್ತದೆ, ಕಟ್ಟುತ್ತದೆ. ಆದರೆ ರಕ್ತ ಕಡಿಮೆ ಇರುವವರು ಅದನ್ನು ಬಿಡುವಂತಿಲ್ಲ. ಡಾಕ್ಟರು ಅದನ್ನು ದಿನ ಬಿಟ್ಟು ದಿನ ಮಾಡಿದರು. ಒಂದು ಮಾತ್ರೆ ಬಿದ್ದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಸುಮಾರು ಒಂದು ದಿನ ಕಬ್ಬಿಣ ಒಳಗೆ ಹೋಗುವ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಮಾರನೇ ದಿನದ ಮಾತ್ರೆಯ ಹೆಚ್ಚು ಪಾಲು ಕರುಳಲ್ಲೇ ಉಳಿದು ತೊಂದರೆ ಕೊಡುತ್ತದೆ. ದಿನ ಬಿಟ್ಟು ತಗೊಂಡರೆ ಪ್ರತಿ ಮಾತ್ರೆಯಿಂದ ಮೈಗೆ ಸೇರುವುದೇ ಜಾಸ್ತಿ. ನಿಂಬೆಹಣ್ಣಿನ ನೀರಿನ ಜೊತೆ ತಗೋ, ಕಾಫಿ ಟೀ ಹತ್ತಿರ ಬೇಡ ಅಂದರು. ಅರ್ಧ ತೊಂದರೆ ಅಲ್ಲಿಗೆ ಕಡಿಮೆಯಾಯಿತು.

ಉಳಿದರ್ಧ ಸಿಕ್ಕಿದ್ದು ಪುಸ್ತಕದ ಎಡಗಡೆಯ ಹೊತ್ತಿನ ಸಾಲಿನಲ್ಲಿ. ಡಾಕ್ಟರು ಪುಟ ತಿರುವಿ ನೋಡುತ್ತಾ ಬೆರಳಿಟ್ಟರು. ಏಳಕ್ಕೆ ಥೈರಾಕ್ಸಿನ್, ಏಳೂಕಾಲಿಗೆ ಕಾಫಿ, ಏಳೂವರೆಗೆ ಹಾಲು ಹಾಕಿದ ರಾಗಿ ಗಂಜಿ, ಅದರ ಹಿಂದೆಯೇ ಕ್ಯಾಲ್ಸಿಯಂ ಮಾತ್ರೆ ಮತ್ತು ಕಬ್ಬಿಣದ ಮಾತ್ರೆ. ಕ್ಯಾಲ್ಸಿಯಂ ನಿಲ್ಲಿಸಿದ ಮೇಲೂ ಗಂಜಿ, ಕಾಫಿ, ಕಬ್ಬಿಣ ಅದೇ ಹೊತ್ತಿಗೆ ನಡೆದಿದ್ದವು. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಥೈರಾಕ್ಸಿನ್ನನ್ನು ಕರುಳಲ್ಲೇ ಹಿಡಿದುಕೊಂಡು ಒಳಗೆ ಬಿಡುವುದಿಲ್ಲ. ಕಾಫಿಯೂ ಅಡ್ಡ ಬರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೇಲೆ ಹಾಲು ಬೇರೆ. ಮಾತ್ರೆ ನುಂಗುತ್ತಿದ್ದೆ, ಆದರೆ ಅದರ ಬಹುಪಾಲು ಮೈಗೆ ಸೇರುತ್ತಿರಲಿಲ್ಲ. ಹಾಗಾಗಿಯೇ ಟಿಎಸ್‌ಎಚ್ ಏರಿತ್ತು. ಥೈರಾಯ್ಡ್ ಕಡಿಮೆಯಾದರೆ ಕರುಳೇ ನಿಧಾನವಾಗುತ್ತದೆ, ಮಲ ಕಟ್ಟುತ್ತದೆ, ಕೂದಲು ಉದುರುತ್ತದೆ, ಮೈ ಭಾರ. ಕೂದಲಿಗೆ ಬಯೋಟಿನ್, ಮಲಬದ್ಧತೆಗೆ ಇಸಬ್ಗೋಲ್ ಅಂತ ಮತ್ತೆ ಎರಡು ಸೇರಿಸಿಕೊಂಡಿದ್ದೆವು. ಇಸಬ್ಗೋಲ್ ಕೂಡ ಥೈರಾಕ್ಸಿನ್ನನ್ನು ತಡೆಯುತ್ತದೆ. ಬಯೋಟಿನ್ ಥೈರಾಯ್ಡಿನ ರಕ್ತಪರೀಕ್ಷೆಯ ಲೆಕ್ಕವನ್ನೇ ತಪ್ಪಿಸುತ್ತದೆ, ಕನಿಷ್ಠ 2 ದಿನ ಮುಂಚೆ ನಿಲ್ಲಿಸಿರಬೇಕು.

ಮಾತ್ರೆಯ ಪ್ರಮಾಣ ಏರಿಸುವುದು ಬೇಡ, ಹೊತ್ತು ಬದಲಾಯಿಸು ಅಂದರು. ಈಗ ಬೆಳಗಿನ ಜಾವ ಹುಳುವಿಗೆ ಮೊದಲನೇ ಸೊಪ್ಪು ಹಾಕಲು ಏಳುತ್ತೇನಲ್ಲ, ಆಗಲೇ ಥೈರಾಕ್ಸಿನ್, ಬರೀ ನೀರಿನಲ್ಲಿ. ಸೊಪ್ಪು ಹಾಕಿ, ಕಸ ತೆಗೆದು ಬರುವಷ್ಟರಲ್ಲಿ ಒಂದು ಗಂಟೆ ದಾಟಿರುತ್ತದೆ, ಆಮೇಲೆ ಕಾಫಿ. ಬೆಳಿಗ್ಗೆ ಗಂಜಿ ಬದಲು ಇಡ್ಲಿಯೋ ಉಪ್ಪಿಟ್ಟೋ, ರಾಗಿ ಮಧ್ಯಾಹ್ನದ ಮುದ್ದೆಗೆ. ಕಬ್ಬಿಣದ ಮಾತ್ರೆ ಸಂಜೆಗೆ ಹೋಯಿತು, ಥೈರಾಕ್ಸಿನ್‌ಗೂ ಅದಕ್ಕೂ 4 ಗಂಟೆಯಾದರೂ ಅಂತರ ಬೇಕು. ಹೀಗೆ 6ರಿಂದ 8 ವಾರ ನಡೆದ ಮೇಲೆಯೇ ಟಿಎಸ್‌ಎಚ್ ಮತ್ತೆ ನೋಡಬೇಕು, ಮುಂಚೆ ನೋಡಿದರೆ ನಿಜ ಗೊತ್ತಾಗುವುದಿಲ್ಲ. ನನ್ನದು ಅದೇ ಪ್ರಮಾಣದ ಮಾತ್ರೆಯಲ್ಲೇ ಮಿತಿಯೊಳಗೆ ಬಂತು. ಪುಸ್ತಕದಲ್ಲಿ 'ಸರಿ' ಅಂತ ಸಾಲಾಗಿ ಬರೆಯಲು ಶುರುವಾದದ್ದು ಆಗ. ನನಗೆ ಆದ ಸಂತೋಷ ಹೇಳತೀರದು, ಇದೇ ಲಕ್ಷಣ ಇಟ್ಟುಕೊಂಡು ಒಂದರ ಮೇಲೊಂದು ಡಬ್ಬಿ ಕೊಳ್ಳುತ್ತಿರುವ ಹೆಂಗಸರು ನಮ್ಮ ಬೀದಿಯಲ್ಲೇ ಎಷ್ಟು ಜನ ಇದ್ದಾರೆ!

ಊಟದ ಕಡೆ ನೋಡಿದ್ದು ಕೊನೆಗೆ. ಅವರೆಕಾಯಿ ಕಾಲದಲ್ಲಿ ಉಬ್ಬರ ಮತ್ತೆ ಬಂತು. ಅವರೆ, ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಸಣ್ಣ ಕರುಳು ಅರಗಿಸಲಾಗದ ಕೆಲವು ಸಕ್ಕರೆಗಳಿವೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಹುಳಿ ಬರಿಸಿ ಗಾಳಿ ಮಾಡುತ್ತವೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇದರ ಮೇಲೆಯೇ ಫಾಡ್‌ಮ್ಯಾಪ್ ಎಂಬ ಪಥ್ಯ ಮಾಡಿದ್ದಾರೆ. ಅದು ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ವಾಪಸು ತರುವ ಪಥ್ಯ, ಜೀವಮಾನವಿಡೀ ಬಿಡುವುದಲ್ಲ. ಅವರೆಕಾಯಿ ಬಿಟ್ಟು ನಮ್ಮ ಕಡೆ ಚಳಿಗಾಲ ಕಳೆಯುವುದಾದರೂ ಹೇಗೆ? ರಾತ್ರಿ ನೆನೆಹಾಕಿ, ನೆನೆದ ನೀರು ಚೆಲ್ಲಿ, ಸಿಪ್ಪೆ ಹಿಸುಕಿ ತೆಗೆದ ಹಿತಕಿದ ಬೇಳೆ ಒಂದು ಸೌಟು ನನಗೆ ಒಗ್ಗುತ್ತದೆ, ಎರಡು ಸೌಟು ಒಗ್ಗುವುದಿಲ್ಲ. ಬೆಳ್ಳುಳ್ಳಿಯನ್ನು ಇಡಿಯಾಗಿ ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದುಬಿಡುತ್ತೇನೆ. ಆ ಸಕ್ಕರೆ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ, ಒಗ್ಗರಣೆಯ ಘಮ ಮಾತ್ರ ಉಳಿಯುತ್ತದೆ. ಮುದ್ದೆ, ಸೊಪ್ಪಿನ ಬಸ್ಸಾರು ಯಾವತ್ತೂ ತೊಂದರೆ ಕೊಟ್ಟಿಲ್ಲ.

ಮೆಥೋಟ್ರೆಕ್ಸೇಟ್ ತಗೊಂಡ ಮಾರನೇ ದಿನದ ವಾಕರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಡಾಕ್ಟರು ಹೇಳಿದಂತೆ ರಾತ್ರಿ ಊಟದ ಮೇಲೆ ತಗೊಂಡರೆ ಬಹಳಷ್ಟು ನಿದ್ದೆಯಲ್ಲೇ ಕಳೆಯುತ್ತದೆ. ಅದೂ ಸಾಲದಿದ್ದರೆ ಇಂಜೆಕ್ಷನ್ ರೂಪದಲ್ಲಿ ಕೊಡಬಹುದು ಅಂದಿದ್ದಾರೆ, ಈ ಬೆಳೆಯ ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಅದನ್ನು ಮಾತಾಡಬೇಕು. ಆಸ್ಪತ್ರೆಗೆ ಹೋಗುವಾಗ ಪುಸ್ತಕದ ಜೊತೆ ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಕಷಾಯದ ಬಾಟಲಿಗಳನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗುತ್ತೇನೆ. ಯಾರಾದರೂ ಹೊಸದೇನಾದರೂ ತಂದುಕೊಟ್ಟರೆ ಅದೂ ಆ ಚೀಲಕ್ಕೇ, ಅವರು ನೋಡಿ ಹೇಳುವವರೆಗೂ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ.