ನಿಮ್ಮ ಅಂಗಡಿ ಹೆಸರನ್ನ ಗೂಗಲಲ್ಲಿ ಯಾರೂ ಹುಡುಕೋದಿಲ್ಲ

ಹೋದ ತಿಂಗಳು ಬಳ್ಳಾರಿಯ ಒಬ್ಬ ಜೀನ್ಸ್ ಯೂನಿಟ್ ಓನರ್ ಫೋನ್ ಮುಂದೆ ಹಿಡಿದು, "ನೋಡ್ರಿ ಸರ, ನಮ್ಮ ಸೈಟು ಗೂಗಲ್‌ನಾಗ ಫಸ್ಟ್ ಬರತೈತಿ, ಆದ್ರೂ ಒಂದು ಆರ್ಡರ್ ಇಲ್ಲ" ಅಂದ್ರು. ಏನ್ ಟೈಪ್ ಮಾಡಿದ್ರಿ ಅಂತ ನೋಡಿದ್ರೆ ತಮ್ಮದೇ ಯೂನಿಟ್ ಹೆಸರು! ತಾವೇ ಕೂಗಿ ತಾವೇ ಓ ಅಂದಂಗಾಯ್ತು. ಕರ್ನೂಲಲ್ಲೋ ದಾವಣಗೆರೇಲೋ ಕೂತಿರೋ ಬಟ್ಟೆ ಅಂಗಡಿಯವರಿಗೆ ಆ ಹೆಸರು ಗೊತ್ತಿದ್ರೆ ಗೂಗಲ್ ಯಾಕೆ ಬೇಕು, ಸೀದಾ ಫೋನೇ ಮಾಡ್ತಾರೆ. ಅವರು ಹುಡುಕೋದು "ಬಳ್ಳಾರಿ ಜೀನ್ಸ್ ಹೋಲ್‌ಸೇಲ್ ರೇಟ್" ಅಂತ, ಹಂಗೆ ಹುಡುಕಿದಾಗ ಇವರ ಸೈಟು ಐದನೇ ಪೇಜಲ್ಲೂ ಇಲ್ಲ. ಗಂಗಾವತಿ ರೈಸ್ ಮಿಲ್‌ನವರಿಂದ ಹಿಡಿದು ಕಿನ್ನಾಳ ಗೊಂಬೆ ಮಾರೋರ ತನಕ ಇದೇ ತಪ್ಪು ನೋಡಿ ನೋಡಿ ಸಾಕಾಗಿ ಇದನ್ನ ಬರೀತಿದೀನಿ.

ಮೊದಲು, ಗೂಗಲ್‌ಗೆ ನಿಮ್ಮ ಸೈಟ್ ಗೊತ್ತೇ ಇದೆಯಾ ನೋಡ್ರಿ. ಸರ್ಚ್ ಬಾಕ್ಸಲ್ಲಿ ಇಂಗ್ಲಿಷಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ಗ್ಯಾಪ್ ಬಿಡದೆ ನಿಮ್ಮ ಸೈಟ್ ಅಡ್ರೆಸ್ ಕೊಡ್ರಿ. ಒಂದು ಪೇಜೂ ಬರಲಿಲ್ಲ ಅಂದ್ರೆ ಬೇರೆ ಏನು ಮಾಡಿದ್ರೂ ದಂಡ. ವರ್ಡ್‌ಪ್ರೆಸ್ ಸೈಟ್ ಆಗಿದ್ರೆ ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅಂತ ಇರುತ್ತೆ, ಅಲ್ಲಿ ಸರ್ಚ್ ಇಂಜಿನ್‌ಗಳು ಬರಬೇಡಿ ಅನ್ನೋ ಒಂದು ಟಿಕ್ ಇದೆ, ಸೈಟ್ ಕಟ್ಟುವಾಗ ಹುಡುಗರು ಅದನ್ನ ಹಾಕಿ ತೆಗೆಯೋದು ಮರೀತಾರೆ. ವರ್ಷಗಟ್ಟಲೆ ಬಾಗಿಲಿಗೆ ಬೀಗ ಹಾಕಿಕೊಂಡು ಗಿರಾಕಿ ಬಂದಿಲ್ಲ ಅಂತ ಕೂತವರನ್ನ ನಾನೇ ನೋಡಿದೀನಿ. ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ಗೆ (ನಿಮ್ಮ ಸೈಟ್ ಗೂಗಲಲ್ಲಿ ಹೆಂಗೆ ಕಾಣ್ತಿದೆ ಅಂತ ತೋರಿಸೋ ಗೂಗಲ್‌ನದೇ ಟೂಲ್) ಸೈಟ್ ಸೇರಿಸಿ, ಸೈಟ್‌ಮ್ಯಾಪ್, ಅಂದ್ರೆ ನಿಮ್ಮ ಪೇಜ್‌ಗಳ ಪಟ್ಟಿ, ಕೊಡ್ರಿ. ಫ್ರೀ, ಅರ್ಧ ಗಂಟೆ ಕೆಲಸ.

ಎರಡನೇದು, ಸೈಟಲ್ಲಿರೋದು ನಿಜವಾಗ್ಲೂ ಅಕ್ಷರಾನಾ ಅಂತ ಚೆಕ್ ಮಾಡ್ರಿ. ನಗಬೇಡ್ರಿ. ನಮ್ಮ ಕಡೆ ಫ್ಲೆಕ್ಸ್ ಪ್ರಿಂಟಿಂಗ್‌ಗೆ ಅಂತ ಕೋರೆಲ್ ಡ್ರಾದಲ್ಲಿ ಮಾಡಿಸಿದ ಬ್ಯಾನರನ್ನೇ ಹೋಮ್ ಪೇಜಲ್ಲಿ ಅಂಟಿಸಿರ್ತಾರೆ, ರೇಟು, ಅಡ್ರೆಸ್ಸು, ಫೋನ್ ನಂಬರ್ ಎಲ್ಲಾ ಫೋಟೋದೊಳಗೇ. ಕಂಪ್ಯೂಟರಲ್ಲಿ ಮೌಸ್ ಎಳೆದಾಗ ಅಕ್ಷರ ಸೆಲೆಕ್ಟ್ ಆಗಲಿಲ್ಲ ಅಂದ್ರೆ ಅದು ಚಿತ್ರ, ಗೂಗಲ್ ಅದನ್ನ ಓದಿ ಅರ್ಥ ಮಾಡ್ಕೊಳ್ಳುತ್ತೆ ಅಂತ ನಂಬಿ ಕೂರಬೇಡ್ರಿ. ಇನ್ನೊಂದು ನಮ್ಮದೇ ರೋಗ, ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಕನ್ನಡ. ಕಣ್ಣಿಗೆ ಕನ್ನಡ, ಒಳಗೆಲ್ಲ ಇಂಗ್ಲಿಷ್ ಅಕ್ಷರ. ಆ ಸಾಲನ್ನ ಕಾಪಿ ಮಾಡಿ ವಾಟ್ಸಾಪಲ್ಲಿ ನಿಮಗೆ ನೀವೇ ಕಳಿಸಿಕೊಳ್ರಿ, ಕನ್ನಡವಾಗೇ ಬಂದ್ರೆ ಯೂನಿಕೋಡ್, ಅಂದ್ರೆ ಒಳಗೂ ಕನ್ನಡವೇ ಇರೋ ಅಕ್ಷರ, ಚಿತ್ರ ವಿಚಿತ್ರ ಇಂಗ್ಲಿಷ್ ಬಂದ್ರೆ ಹಳೇ ಎನ್‌ಕೋಡಿಂಗು, ಯೂನಿಕೋಡ್‌ಗೆ ಕನ್ವರ್ಟ್ ಮಾಡಿಸ್ರಿ.

ಈಗ ಎಲ್ಲರೂ ಎಡವೋ ಜಾಗಕ್ಕೆ ಬಂದ್ವಿ. ಯಾವ ಮಾತಿಗೆ ನಿಮ್ಮ ಪೇಜ್ ಸಿಗಬೇಕು? ಇದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಕೀವರ್ಡ್ ಟೂಲ್ (ಜನ ಏನೇನು ಹುಡುಕ್ತಾರೆ ಅಂತ ಹೇಳೋ ಸಾಫ್ಟ್‌ವೇರ್) ತಗೋತಾರೆ, ನನ್ನ ಕೇಳಿದ್ರೆ ಸಣ್ಣ ವ್ಯಾಪಾರಕ್ಕೆ ಅದು ಬೇಡವೇ ಬೇಡ. ನಿಮ್ಮ ವಾಟ್ಸಾಪ್ ತೆಗೀರಿ, ಸೇವ್ ಮಾಡದೇ ಇರೋ ನಂಬರ್‌ಗಳಿಂದ ಬಂದ ಮೊದಲನೇ ಮೆಸೇಜ್ ಮಾತ್ರ ಒಂದು ನೋಟ್‌ಬುಕ್ಕಲ್ಲಿ ಬರೀರಿ, ಅವರು ಬರೆದಂಗೇ, ತಿದ್ದಬೇಡ್ರಿ. ಆ ಓನರ್ ಜೊತೆ ಕೂತು ನಾವು ಬರೆದಾಗ ಬಂದಿದ್ದು ಹಿಂಗೆ: ಮಿನಿಮಮ್ ಎಷ್ಟು ಪೀಸ್ ತಗೋಬೇಕು, 28ರಿಂದ 36 ಸೈಜ್ ಸೆಟ್ ರೇಟ್ ಎಷ್ಟು, ಕರ್ನೂಲಿಗೆ ಟ್ರಾನ್ಸ್‌ಪೋರ್ಟ್ ಇದೆಯಾ, ಸ್ಟ್ರೆಚ್ ಇದೆಯಾ ಪ್ಲೇನಾ. ಅವರ ಸೈಟಲ್ಲಿ ಏನಿತ್ತು ಗೊತ್ತಾ? "ಗುಣಮಟ್ಟವೇ ನಮ್ಮ ಗುರಿ". ಗುಣಮಟ್ಟವೇ ನಮ್ಮ ಗುರಿ ಅಂತ ಯಾರಾದ್ರೂ ಗೂಗಲಲ್ಲಿ ಹುಡುಕಿ ಪ್ಯಾಂಟ್ ತಗೋತಾರೇನ್ರಿ?

ಬರೆದ ಪ್ರಶ್ನೆಗಳನ್ನ ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಪೇಜ್ ಮಾಡ್ರಿ, ಎಲ್ಲಾ ಒಂದೇ ಪೇಜಿಗೆ ತುರುಕಬೇಡ್ರಿ. ಪ್ರತಿ ಪೇಜಿಗೂ ಬೇರೆ ಟೈಟಲ್ ಕೊಡ್ರಿ, ಅಂದ್ರೆ ಗೂಗಲಲ್ಲಿ ನೀಲಿ ಅಕ್ಷರದಲ್ಲಿ ಕಾಣೋ ಸಾಲು. ಅವರದ್ದು ಐದೂ ಪೇಜಿಗೆ "ಹೋಮ್, ವೆಲ್ಕಮ್" ಅಂತಿತ್ತು. ಅದನ್ನ ತೆಗೆದು "ಬಳ್ಳಾರಿ ಜೀನ್ಸ್ ಹೋಲ್‌ಸೇಲ್, ಗಂಡಸರ ಪ್ಯಾಂಟ್ 28ರಿಂದ 36 ಸೈಜ್" ಅಂತ ಮಾಡಿದ್ವಿ. ಉದ್ದ ಆದ್ರೆ ಕೊನೆ ತುಂಡಾಗುತ್ತೆ, ಅದಕ್ಕೇ ಮುಖ್ಯವಾದ್ದು ಮುಂದೆ, ಯೂನಿಟ್ ಹೆಸರು ಕೊನೇಲಿ.

ಊರಿನ ಸ್ಪೆಲ್ಲಿಂಗ್ ಕಥೆ ಬೇರೆ ಇದೆ. 2014ರ ನವೆಂಬರ್ 1ಕ್ಕೆ ಬೆಲ್ಲಾರಿ ಹೋಗಿ ಇಂಗ್ಲಿಷಲ್ಲೂ ಬಳ್ಳಾರಿ ಆಯ್ತು, ಹಾಸ್ಪೆಟ್ ಹೊಸಪೇಟೆ ಆಯ್ತು, ಆದ್ರೆ ಹೊರಗಿನ ವ್ಯಾಪಾರಿ ಬೆರಳು ಇನ್ನೂ ಹಳೇದನ್ನೇ ಟೈಪ್ ಮಾಡುತ್ತೆ. ಗೂಗಲ್ ಎರಡನ್ನೂ ಸಾಕಷ್ಟು ಸಲ ಒಂದೇ ಅಂತ ಹಿಡಿಯುತ್ತೆ, ಆದ್ರೂ ಇಂಗ್ಲಿಷ್ ಪೇಜಲ್ಲಿ ಹೊಸ ಹೆಸರು ಬರೆದು ಒಂದು ಕಡೆ ಹಳೇ ಸ್ಪೆಲ್ಲಿಂಗೂ ಸಹಜವಾಗಿ ಬರಲಿ. ಹಂಗಂತ ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರದಲ್ಲಿ ನೂರು ಸಲ ಬಚ್ಚಿಡೋ ಬುದ್ಧಿವಂತಿಕೆ ಬೇಡ, ಅದು ಸ್ಪ್ಯಾಮ್. ಮೆಟಾ ಕೀವರ್ಡ್ (ಪೇಜಿನ ಕೋಡೊಳಗೆ ಕಣ್ಣಿಗೆ ಕಾಣದಂಗೆ ಬರೆಯೋ ಪದಗಳ ಪಟ್ಟಿ) ತುಂಬ್ತೀವಿ ಅಂತ ದುಡ್ಡು ಕೇಳಿದ್ರೆ ಎದ್ದು ಬರ್ರಿ, ರ‍್ಯಾಂಕಿಂಗ್‌ಗೆ ಅದನ್ನ ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಕನ್ನಡ ಪೇಜ್ ಬೇಕಂದ್ರೆ ಬೇರೆ ಪೇಜಾಗಿ ಕೂತು ಬರೀರಿ, ಟ್ರಾನ್ಸ್‌ಲೇಟ್ ಬಟನ್ ಹಾಕಿ ಕೈ ತೊಳ್ಕೊಬೇಡ್ರಿ.

ಸ್ಪೀಡು: ಮೊಬೈಲಲ್ಲಿ ತೆಗೆದ ಫೋಟೋ ಒಂದೊಂದು 5 ಎಂಬಿ ಇರುತ್ತೆ, ಸಣ್ಣ ಮಾಡಿ ಹಾಕ್ರಿ. ಪೇಜಿನ ದೊಡ್ಡ ಭಾಗ 2.5 ಸೆಕೆಂಡೊಳಗೆ ಕಾಣಬೇಕು ಅನ್ನೋದು ಗೂಗಲ್ ಲೆಕ್ಕ. ಸ್ಪೀಡ್ ಅಳೆಯೋ ಗೂಗಲ್ ಟೂಲ್ ಪೇಜ್‌ಸ್ಪೀಡ್ ಇನ್‌ಸೈಟ್ಸಲ್ಲಿ ಮೊಬೈಲ್ ಟ್ಯಾಬೇ ನೋಡ್ರಿ, ಡೆಸ್ಕ್‌ಟಾಪ್ ಹಸಿರು ಕಂಡು ಖುಷಿ ಪಡಬೇಡ್ರಿ.

ಊರಲ್ಲೇ ಗಿರಾಕಿ ಬೇಕಂದ್ರೆ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದ್ರೆ ಗೂಗಲ್ ಮ್ಯಾಪಲ್ಲಿ ಅಂಗಡಿ ಹೆಸರು, ಅಡ್ರೆಸ್ಸು ಕಾಣೋ ಪುಟ, ಮಾಡ್ರಿ. ಬೋರ್ಡಲ್ಲಿರೋ ಹೆಸರೇ ಅಲ್ಲೂ ಇರಲಿ, ಹೆಸರಿನ ಹಿಂದೆ "ಬೆಸ್ಟ್ ಜೀನ್ಸ್ ಇನ್ ಬಳ್ಳಾರಿ" ಅಂತ ಬಾಲ ಅಂಟಿಸಿದ್ರೆ ಪ್ರೊಫೈಲೇ ಸಸ್ಪೆಂಡ್ ಆಗಬಹುದು. ಅಳಿಯ, ತಮ್ಮ, ಅಕೌಂಟೆಂಟ್ ಎಲ್ಲರ ಕೈಲಿ ಒಂದೇ ದಿನ ಐದು ಸ್ಟಾರ್ ಹಾಕಿಸೋದೂ ಬೇಡ.

ಲಿಂಕ್ ವಿಷಯ. ಸಾವಿರ ಬ್ಯಾಕ್‌ಲಿಂಕ್ (ಬೇರೆ ಸೈಟಿಂದ ನಿಮ್ಮ ಸೈಟಿಗೆ ಬರೋ ಲಿಂಕ್) ಇಷ್ಟು ರೂಪಾಯಿ ಅನ್ನೋ ಪ್ಯಾಕೇಜ್ ನಾನೂ ಒಂದ್ಸಲ ತಗೊಂಡಿದೀನಿ, ಬಂದಿದ್ದೆಲ್ಲ ಯಾರೂ ಓದದ ಕಸದ ಸೈಟ್‌ಗಳಿಂದ, ದುಡ್ಡು ಹೋಯ್ತು ಅಷ್ಟೇ. ಇಂಥವನ್ನ ಹಿಡಿಯೋಕೆ ಅಂತಲೇ ಗೂಗಲ್ 2012ರಲ್ಲಿ ತನ್ನ ಸರ್ಚ್ ಲೆಕ್ಕಾಚಾರಕ್ಕೆ ಪೆಂಗ್ವಿನ್ ಅನ್ನೋ ಅಪ್‌ಡೇಟ್ ತಂದಿದ್ದು. ನಿಮ್ಮ ಮಾಲು ಮಾರೋ ಅಂಗಡಿಯವರ ಸೈಟಿಂದ ಒಂದು ನಿಜವಾದ ಲಿಂಕ್ ಕೇಳ್ರಿ, ಅದು ಸಾಕು. ಫಸ್ಟ್ ರ‍್ಯಾಂಕ್ ಗ್ಯಾರಂಟಿ ಅನ್ನೋರಿಗೆ, ಅಂಥಾ ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲ ಅಂತ ಗೂಗಲೇ ಬರೆದಿರೋದನ್ನ ತೋರಿಸ್ರಿ.

ಇಷ್ಟಾದ್ಮೇಲೆ ಕಾಯ್ರಿ. ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು, ದಿನಾ ಬೆಳಗ್ಗೆ ಎದ್ದು ಹುಡುಕಿ ನೋಡಬೇಡ್ರಿ. ಹದಿನೈದು ದಿನಕ್ಕೊಮ್ಮೆ ಸರ್ಚ್ ಕನ್ಸೋಲಲ್ಲಿ ಪರ್ಫಾರ್ಮೆನ್ಸ್ ತೆಗೆದು ಜನ ಏನ್ ಟೈಪ್ ಮಾಡಿದಾಗ ನೀವು ಕಂಡ್ರಿ ನೋಡ್ರಿ. ತುಂಬಾ ಸಲ ಕಂಡು ಕ್ಲಿಕ್ ಕಮ್ಮಿ ಇದ್ರೆ ಮೊದಲು ಟೈಟಲ್ ತಿದ್ದಿ ನೋಡ್ರಿ. ಕಂಡ ಮಾತಿಗೆ ನಿಮ್ಮಲ್ಲಿ ಪೇಜೇ ಇಲ್ಲ ಅಂದ್ರೆ ಪೇಜ್ ಮಾಡ್ರಿ. ಆ ಓನರ್ ಲಿಸ್ಟಲ್ಲಿ ಮೊನ್ನೆ ಮೇಲೆ ಬಂದಿದ್ದು ಮಕ್ಕಳ ಜೀನ್ಸ್. "ಮಕ್ಕಳದು ಮಾಡ್ತೀರೇನ್ರಿ?" ಅಂತ ಕೇಳಿದೆ. "ಮಾಡ್ತೀವಲ್ರೀ, ಸೈಟ್‌ನಾಗ ಹಾಕಿಲ್ಲ ಅಷ್ಟ" ಅಂದ್ರು.