ಬಾವಿಕಟ್ಟೆ ಬದಿಯ ತರಕಾರಿ: ನನ್ನ ಅನುಭವ

ಬಿಡುವು ಸಿಗಲಿ, ಆಮೇಲೆ ತರಕಾರಿ ಮಾಡುವಾ ಅಂತ ಕಾದರೆ ಆ ಬಿಡುವು ಸಿಗುವುದು ಮಕ್ಕಳ ಮದುವೆ ಆದ ಮೇಲೆಯೇ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುವವಳು. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಗಂಟುನೋವಿನ ಅತ್ತೆ, ಅಂಗಡಿ ಮುಚ್ಚಿ ರಾತ್ರಿ ಬರುವ ಗಂಡ. ಹಾಗಾಗಿ ತರಕಾರಿಗೆ ಅಂತ ಬೇರೆ ಸಮಯ ಇಡುವ ಯೋಚನೆಯನ್ನೇ ಮಾಡಲಿಲ್ಲ. ಹೇಗೂ ದಿನಾ ಓಡಾಡುವ ಜಾಗ ಯಾವುದು, ಹೇಗೂ ದಿನಾ ಚೆಲ್ಲುವ ನೀರು ಯಾವುದು, ಅಷ್ಟನ್ನೇ ನೋಡಿದೆ.

ಸಿಕ್ಕಿದ್ದು ಅಡುಗೆಮನೆಯ ಹಿಂಬಾಗಿಲಿನಿಂದ ಬಾವಿಕಟ್ಟೆಯವರೆಗಿನ ಚೂರು ಜಾಗ. ಅತ್ತೆ ತೋರಿಸಿದ್ದು ಗುಡ್ಡೆ ಬದಿಯ ದೊಡ್ಡ ಜಾಗ. ಬಿಸಿಲು ಅಲ್ಲೇ ಜಾಸ್ತಿ, ಸುಳ್ಳಲ್ಲ. ಆದರೆ ಅಲ್ಲಿಗೆ ಹೋಗಲೆಂದೇ ಹೋಗಬೇಕು, ಅಲ್ವಾ? ಬಾವಿ ಬದಿಯಲ್ಲಾದರೆ ಹಲ್ಲುಜ್ಜುತ್ತಾ ಎಲೆ ಮಗುಚಿ ನೋಡಬಹುದು, ಹುಳ ಕಂಡರೆ ಅಲ್ಲೇ ಹೆಕ್ಕಿ ಕೊಲ್ಲಬಹುದು. ಅರ್ಧ ದಿನ ಬಿಸಿಲು ಬಿದ್ದರೆ ಹರಿವೆ, ಬಸಳೆಗೆ ಧಾರಾಳ ಸಾಕು.

ನಮ್ಮದು ಮುರಕಲ್ಲಿನ ನೆಲ. ಹಾರೆ ಹಾಕಿದರೆ ಠಣ್ ಅನ್ನುತ್ತದೆ. ಅಗೆಯುವ ಗೋಜಿಗೆ ಹೋಗದೆ ನೆಲದ ಮೇಲೆಯೇ ಏರಿ ಕಟ್ಟಿದೆವು. ಅಡಿಗೆ ತೆಂಗಿನ ಸಿಪ್ಪೆ, ಮೇಲೆ ತರಗೆಲೆ, ಅದರ ಮೇಲೆ ಸುಡುಮಣ್ಣು ಬೆರೆಸಿದ ಮೇಲ್ಮಣ್ಣು. ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಮಣ್ಣಿನ ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಅದು ಹುಳಿಯಾಗಿರುತ್ತದೆ. ಹಾಗಾಗಿ ನೆಡುವ ಎರಡು ವಾರ ಮೊದಲೇ ಸ್ವಲ್ಪ ಸುಣ್ಣ ಬೆರೆಸಿಟ್ಟೆ. ಹಟ್ಟಿಗೊಬ್ಬರ ಹಾಕಿದ್ದು ಆಮೇಲೆ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಯಾವ ತರಕಾರಿ ಅನ್ನುವುದೇ ದೊಡ್ಡ ವಿಷಯ. ಯಾವುದು ಸುಲಭದಲ್ಲಿ ಬೆಳೆಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ, ಯಾವುದು ನಮಗಾಗಿ ಕಾಯುತ್ತದೆ ಅಂತ ಕೇಳುವುದಿಲ್ಲ. ಬೆಂಡೆ ಬೆಳೆಸುವುದು ಏನೂ ಕಷ್ಟವಿಲ್ಲ, ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಗೆ, ಬಿತ್ತು ಹಾಕಿದರೆ ಒಂದೂವರೆ ತಿಂಗಳಲ್ಲಿ ಕಾಯಿ. ಆದರೆ ಕೊಯ್ಯಲು ಶುರುವಾದ ಮೇಲೆ ಎರಡು ಮೂರು ದಿನ ಮರೆತರೆ ನಾರಾಗಿ ಬಿಡುತ್ತದೆ, ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಕಾಯಿಯೂ ಕಮ್ಮಿ. ಅಲಸಂಡೆಯದ್ದೂ ಅದೇ ಕಥೆ. ಬಸಳೆ ಹಾಗಲ್ಲ. ಒಂದು ತುಂಡು ಬಳ್ಳಿ ಊರಿದರೆ ಸಾಕು, ಚಪ್ಪರಕ್ಕೆ ಹತ್ತಿದ ಮೇಲೆ ವಾರಗಟ್ಟಲೆ ಬಿಟ್ಟರೂ ಅಲ್ಲೇ ಇರುತ್ತದೆ. ತೊಂಡೆ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಹಾಗಾಗಿ ನಮ್ಮಲ್ಲಿ ಬಸಳೆ, ತೊಂಡೆ, ಹರಿವೆಯದ್ದೇ ಕಾರುಬಾರು. ಬೆಂಡೆ ನಾಲ್ಕಾರು ಗಿಡ ಮಾತ್ರ, ಕೊಯ್ಯುವ ಕೆಲಸ ಶಾಲೆಯಿಂದ ಬಂದ ಮಗನದ್ದು. ಅರ್ಧ ಕಾಯಿ ಹಸಿಯೇ ಅವನ ಹೊಟ್ಟೆಗೆ, ಆಗಲಿ ಬಿಡಿ.

ಹರಿವೆ ಬಿತ್ತನ್ನು ಇರುವೆ ಹೊತ್ತುಕೊಂಡು ಹೋಗುತ್ತದೆ. ಬಿತ್ತಿನ ಜೊತೆ ಒಂದು ಹಿಡಿ ರವೆ ಕಲಸಿ ಹಾಕಿ, ಇರುವೆ ರವೆಯ ಹಿಂದೆ ಹೋಗುತ್ತದೆ. ಕೆಂಪು ಹರಿವೆಯನ್ನು ಜೋರು ಮಳೆಯಲ್ಲಿ ಮಾಡಲು ಹೋಗಬೇಡಿ, ಎಲೆಯಲ್ಲಿ ಬಿಳಿ ಚುಕ್ಕೆ ಬಿದ್ದು ಪೂರಾ ಹಾಳು. ಮಳೆ ಬಿಟ್ಟ ಮೇಲೆ, ಅಕ್ಟೋಬರ್ ನಂತರ ಹಾಕಿದರೆ ತಿಂಗಳೊಳಗೆ ಪಲ್ಯಕ್ಕೆ ಆಗುತ್ತದೆ. ಇನ್ನು ಬದನೆ ಬೇಕೇ ಬೇಕು ಅನ್ನುವವರು ಗಿಡ ತರುವಾಗ ತಳಿ ಕೇಳಿ ತನ್ನಿ. ನಮ್ಮ ಹುಳಿ ಮಣ್ಣಿನಲ್ಲಿ ಚಂದ ಇದ್ದ ಗಿಡ ಇದ್ದಕ್ಕಿದ್ದ ಹಾಗೆ ಬಾಡಿ ಸಾಯುವ ರೋಗ ಜಾಸ್ತಿ. ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಶ್ವೇತ, ಹರಿತ ತಳಿಗಳು ಅದನ್ನು ತಡೆದುಕೊಳ್ಳುತ್ತವೆ. ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ. ಓಣಂಗೆ ಮೊದಲು ಅಲ್ಲಿ ತರಕಾರಿ ಬಿತ್ತಿನ ಪೊಟ್ಟಣ ಪುಕ್ಕಟೆ ಕೊಡುವುದೂ ಉಂಟು. ಪೊಟ್ಟಣದ ಮಲಯಾಳ ಓದಿ ಹೇಳುವುದು ನಮ್ಮಲ್ಲಿ ಮಗಳ ಕೆಲಸ.

ನೀರಿಗೆ ಹೆಚ್ಚು ಹೇಳಲಿಕ್ಕಿಲ್ಲ. ಬಾವಿಕಟ್ಟೆಯಲ್ಲಿ ಚೆಲ್ಲುವ ನೀರು ಸಣ್ಣ ಕಣಿಯಲ್ಲಿ ಬಸಳೆ ಬುಡಕ್ಕೆ ಹೋಗುತ್ತದೆ, ಅಕ್ಕಿ ತೊಳೆದ ನೀರು ಹರಿವೆಗೆ. ಬೇಸಿಗೆಯಲ್ಲಿ ಬುಡಕ್ಕೆ ಅಡಿಕೆ ಸೋಗೆ ಮುಚ್ಚಿದರೆ ಒಂದು ದಿನ ನೀರು ತಪ್ಪಿದರೂ ತೊಂದರೆ ಇಲ್ಲ.

ಹುಳಕ್ಕೆ ವಿಷ ತರುವ ಮಾತೇ ಇಲ್ಲ. ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. 2000ದಲ್ಲಿ ಅದು ನಿಂತರೂ ಅದರ ಸಂಕಟ ಅನುಭವಿಸುವ ಮನೆಗಳು ಇಲ್ಲಿ ಇನ್ನೂ ಇವೆ. ಅಲಸಂಡೆಗೆ ಕರಿ ಹೇನು ಹತ್ತಿದಾಗ ನಾನು ಮಾಡುವುದು ಇಷ್ಟೇ: 20 ಗ್ರಾಂ ಬೆಳ್ಳುಳ್ಳಿ ಅರೆದು ಸೋಸಿ, 20 ಮಿಲಿಲೀಟರ್ ಬೇವಿನೆಣ್ಣೆ, ಕರಗಿಸಿದ 5 ಗ್ರಾಂ ಬಟ್ಟೆ ಸೋಪು ಸೇರಿಸಿ ಒಂದು ಲೀಟರ್ ನೀರಿಗೆ ಚೆನ್ನಾಗಿ ಕದಡಿ, ಸಂಜೆ ಬಿಸಿಲು ಇಳಿದ ಮೇಲೆ ಎಲೆಯ ಅಡಿಗೆ ತಾಗುವ ಹಾಗೆ ಸಿಂಪಡಿಸುವುದು. ಸೋಪು ಹಾಕದಿದ್ದರೆ ಎಣ್ಣೆ ಸುಮ್ನೆ ಮೇಲೆ ತೇಲುತ್ತದೆ. ಹಾಗಲಕ್ಕೆ ನೊಣ ಚುಚ್ಚಿ ಹುಳ ಆಗುವುದಕ್ಕೆ ಇದು ನಡೆಯುವುದಿಲ್ಲ, ಕಾಯಿ ಎಳತು ಇರುವಾಗಲೇ ಕಾಗದ ಸುತ್ತಬೇಕು. ಅಷ್ಟು ಪುರುಸೊತ್ತು ನನಗಿಲ್ಲ, ಹಾಗಾಗಿ ಹಾಗಲ ಈಗಲೂ ಪೇಟೆಯದ್ದೇ.

ನವಿಲಿನ ಕಾಟಕ್ಕೆ ಏರಿಗಳ ಸುತ್ತ ಹಳೆ ಮೀನಿನ ಬಲೆ ಕಟ್ಟಿದ್ದೇವೆ. ಮಂಗಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಪುಣ್ಯಕ್ಕೆ ಅವಕ್ಕೆ ಬಸಳೆ ಮೇಲೆ ಅಷ್ಟೇನೂ ಆಸೆ ಕಾಣುವುದಿಲ್ಲ.