ಭೂಶಿರ ನೋಡಲು ಹೋಗುವ ಮುಂಚೆ ಲಾಲ್‌ಬಾಗ್ ಬಂಡೆ ಹತ್ತಿ

ಜಿಗಣಿಯ ಗ್ರಾನೈಟ್ ಯಾರ್ಡ್ ಒಂದರಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಲಾರಿಯಿಂದ ಸ್ಲ್ಯಾಬ್ ಇಳಿದ ಮೇಲೆ ಅದರಲ್ಲಿ ಬಿರುಕು ಇದೆಯಾ ಅಂತ ನೋಡುವುದು ನನ್ನ ಕೆಲಸ. ಅದಕ್ಕೆ ಮೆಷಿನ್ ಏನೂ ಬೇಡ. ಒಂದು ಬಕೆಟ್ ನೀರು ಚೆಲ್ಲಿ ಸುಮ್ನೆ ಕಾಯಬೇಕು. ಉಳಿದ ಕಡೆ ಎಲ್ಲ ಒಣಗಿದ ಮೇಲೂ ಕೂದಲೆಳೆಯಂಥ ಒಂದು ಕಪ್ಪು ಗೆರೆ ಹಾಗೇ ಉಳಿದರೆ, ಅಲ್ಲಿ ನೀರು ಒಳಗೆ ಇಳಿದಿದೆ, ಬಿರುಕಿದೆ ಅಂತ ಅರ್ಥ.

ನಮ್ಮ ಅಕ್ಕನನ್ನು ಉಡುಪಿ ಹತ್ತಿರದ ಕಾಪುವಿಗೆ ಕೊಟ್ಟಿದ್ದಾರೆ. ಅಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ಒಂದು ದೊಡ್ಡ ಬಂಡೆಯ ಮೇಲೆ ನಿಂತಿದೆ. ಒಂದು ಸಂಜೆ ಆ ಬಂಡೆಗೆ ಅಲೆ ಹೊಡೆದು ವಾಪಸ್ ಹೋಯಿತು. ಕಲ್ಲು ಒಣಗುತ್ತಾ ಬಂದ ಹಾಗೆ ಅದೇ ಕಪ್ಪು ಗೆರೆಗಳು ಒಂದೊಂದಾಗಿ ಕಂಡವು. ಕೆಳಗೆ ಅಲೆ ನುಗ್ಗಿ ಸಂದು ಮಾಡಿದ್ದ ಜಾಗವೂ ಆ ಗೆರೆಗಳ ನೇರಕ್ಕೇ ಇತ್ತು. ಭೂಶಿರ ನೋಡುವುದು ಹೇಗೆ ಅಂತ ನನಗೆ ಗೊತ್ತಾಗಿದ್ದು ಅವತ್ತು.

ಭೂಶಿರವನ್ನು ದೂರದಿಂದ ನೋಡಿದರೆ ನೆಲವೇ ಸಮುದ್ರದೊಳಕ್ಕೆ ಕೈ ಚಾಚಿದ ಹಾಗೆ ಕಾಣುತ್ತದೆ. ಸಾಮಾನ್ಯವಾಗಿ ಆಗಿರುವುದು ಬೇರೆ. ಅಕ್ಕಪಕ್ಕದ ಮೆತ್ತನೆಯ ನೆಲವನ್ನು ಅಲೆ ಕೊರೆದುಕೊಂಡು ಹೋಗಿರುತ್ತದೆ, ಗಟ್ಟಿ ಕಲ್ಲು ಉಳಿದುಕೊಂಡಿರುತ್ತದೆ. ಅದಕ್ಕೇ ಅಲ್ಲಿಗೆ ಹೋದ ತಕ್ಷಣ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಯಾಕೆ ಉಳಿಯಿತು?

ಉತ್ತರ ಕಲ್ಲಿನಲ್ಲೇ ಇರುತ್ತದೆ. ಅದನ್ನು ಓದುವುದನ್ನು ಬೆಂಗಳೂರಿನಲ್ಲೇ ಕಲಿಯಬಹುದು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲಾರ್ ನೈಸ್ ಅಂತಾರೆ, ನೈಸ್ ಅಂದರೆ ಪಟ್ಟಿಪಟ್ಟಿಯಾಗಿರುವ ಒಂದು ಬಗೆಯ ಕಲ್ಲು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡು ಕೂಡ ಇದೆ. ಮಳೆ ಬಂದ ಮಾರನೇ ದಿನ ಬೆಳಿಗ್ಗೆ ಬೇಗ ಹೋಗಿ. ಕೆಂಪೇಗೌಡರ ಗೋಪುರದವರೆಗೆ ಓಡಿ ಹತ್ತಬೇಡಿ, ಅರ್ಧ ದಾರಿಯಲ್ಲಿ ಕೂತುಕೊಳ್ಳಿ. ಮೊದಲು ಬಣ್ಣ ನೋಡಿ. ಬಿಳಿ, ಕಪ್ಪು ಪಟ್ಟಿಗಳು ಅಂಕುಡೊಂಕಾಗಿ ಹೋಗಿರುತ್ತವೆ. ಬಿಳಿ ಪಟ್ಟಿಯಲ್ಲಿ ಸ್ಫಟಿಕ ಮತ್ತು ಫೆಲ್ಡ್‌ಸ್ಪಾರ್ ಜಾಸ್ತಿ, ಕಪ್ಪಿನಲ್ಲಿ ಅಭ್ರಕದಂಥ ಖನಿಜ ಜಾಸ್ತಿ. ಕಪ್ಪು ಪಟ್ಟಿ ಬೇಗ ಸವೆಯುತ್ತದೆ, ಸ್ಫಟಿಕ ಸುಲಭಕ್ಕೆ ಬಗ್ಗುವುದಿಲ್ಲ. ಬೆರಳು ಸವರಿದರೆ ಸ್ಫಟಿಕದ ಗೆರೆ ಸ್ವಲ್ಪ ಉಬ್ಬಿಕೊಂಡಿರುವುದು ಕೆಲವು ಕಡೆ ಗೊತ್ತಾಗುತ್ತದೆ. ಆಮೇಲೆ ಬಿರುಕು ಹುಡುಕಿ. ಈರುಳ್ಳಿ ಸಿಪ್ಪೆಯ ಹಾಗೆ ಪದರ ಎದ್ದ ಜಾಗವನ್ನೂ ನೋಡಿ. ಸುತ್ತಿಗೆ, ಮೊಳೆ ಮಾತ್ರ ತಗೊಂಡು ಹೋಗಲೇಬೇಡಿ. ಆ ಬಂಡೆಯ ಮೇಲೆ ಹೆಸರು ಕೆತ್ತಿದ್ದು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇಷ್ಟು ಕಣ್ಣಿಗೆ ಅಭ್ಯಾಸ ಆದ ಮೇಲೆ ಕರಾವಳಿಯ ಬಸ್ಸೋ ರೈಲೋ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಂಡಿತ ಬೇಡ. ನನ್ನ ಪ್ರಕಾರ ನವೆಂಬರ್ ಒಳ್ಳೆಯದು. ಮಳೆಗಾಲದ ಅಲೆ ದಡದ ಮರಳನ್ನು ಎಳೆದುಕೊಂಡು ಹೋಗಿರುತ್ತದೆ, ಅದು ಪೂರ್ತಿ ವಾಪಸ್ ಬರುವ ಮುಂಚೆ ಬಂಡೆಯ ಬುಡ ಜಾಸ್ತಿ ಕಾಣುತ್ತದೆ.

ಹೊರಡುವ ಮುಂಚೆ ಭರತ ಇಳಿತದ ಹೊತ್ತು ನೋಡಿಕೊಳ್ಳಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಇಳಿಯುತ್ತದೆ, ಜಾಸ್ತಿ ಏರುತ್ತದೆ ಕೂಡ. ಪೂರ್ತಿ ಇಳಿತಕ್ಕೆ ಎರಡು ಗಂಟೆ ಮೊದಲು ಅಲ್ಲಿರಿ, ನೀರು ತಿರುಗಿದ ಕೂಡಲೇ ಮೇಲೆ ಬನ್ನಿ. ಒಂದು ಸಲ ನಾನು ಫೋಟೋ ತೆಗೆಯುತ್ತಾ ಹೊತ್ತು ಮರೆತೆ. ಬಂದ ದಾರಿಯಲ್ಲಿ ಮೊಣಕಾಲವರೆಗೆ ನೀರು. ಕಾಲ ಕೆಳಗೆ ಪಾಚಿ. ಜಾರಿ ಬಿದ್ದು ಮೊಣಕೈ ಸುಲಿದು ಹೋಯಿತು. ದಡದಲ್ಲಿ ನಿಂತಿದ್ದ ಭಾವ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದರು.

ಅಲ್ಲಿ ಮೊದಲು ಎತ್ತರದ ಜಾಗದಲ್ಲಿ ನಿಂತು ಅಲೆ ನೋಡಿ, ಹತ್ತು ನಿಮಿಷವಾದರೂ. ನೇರವಾಗಿ ಬರುವ ಅಲೆ ಬಂಡೆಯ ಹತ್ತಿರ ಬಂದಾಗ ಬಾಗುತ್ತದೆ. ನೀರಿನ ಆಳ ಕಡಿಮೆ ಆದಲ್ಲಿ ಅಲೆಯ ವೇಗ ತಗ್ಗುತ್ತದೆ, ಆಳ ಇರುವ ಕಡೆಯ ಭಾಗ ಮುಂದೆ ಹೋಗುತ್ತದೆ. ಹಾಗಾಗಿ ಅಲೆ ಭೂಶಿರವನ್ನು ಸುತ್ತುವರಿದ ಹಾಗೆ ತಿರುಗಿ, ಅದರ ಬಲವೆಲ್ಲ ಮೂತಿಗೇ ಬೀಳುತ್ತದೆ. ಪಕ್ಕದ ಕೊಲ್ಲಿಯಲ್ಲಿ ಬಲ ಹಂಚಿಹೋಗುತ್ತದೆ, ಅದಕ್ಕೇ ಅಲ್ಲಿ ಮರಳು ನಿಲ್ಲುತ್ತದೆ. ಗೋಕರ್ಣದ ಕುಡ್ಲೆ, ಓಂ ಬೀಚುಗಳ ನಡುವಿನ ಗುಡ್ಡದ ಮೇಲೆ ನಡೆದರೆ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಮೇಲೆಲ್ಲ ಜಂಬಿಟ್ಟಿಗೆ ಕಲ್ಲು, ಅಕ್ಕನ ಊರಿನವರು ಮುರಕಲ್ಲು ಅಂತಾರೆ. ಮಳೆ, ಬಿಸಿಲಿಗೆ ಹಳೆ ಕಲ್ಲೇ ಕೊಳೆತು, ಕಬ್ಬಿಣದ ಅಂಶ ಉಳಿದು ಆದದ್ದು ಅದು.

ಆಮೇಲೆ ಬುಡಕ್ಕೆ ಇಳಿಯಿರಿ. ಸಣ್ಣ ಬಿಳಿ ಚಿಪ್ಪುಗಳು ಬಂಡೆಗೆ ಅಂಟಿಕೊಂಡ ಪಟ್ಟಿ ಕಾಣುತ್ತದೆ. ಭರತದಲ್ಲಿ ನೀರು ಅಲ್ಲಿವರೆಗೆ ಬರುತ್ತದೆ, ಗುರುತು ಇಟ್ಟುಕೊಳ್ಳಿ. ಅದರ ಕೆಳಗೆ ಬಿರುಕು ಅಗಲ ಆದ ಕಡೆ ನಿಂತು ಕಿವಿಗೊಡಿ. ಅಲೆ ನುಗ್ಗಿದಾಗ ಒಳಗಿನ ಗಾಳಿ ಒತ್ತಿ ಧಡ್ ಅಂತ ಸದ್ದು ಬರುತ್ತದೆ. ಆ ಗಾಳಿಯೇ ಸಂದನ್ನು ಸ್ವಲ್ಪ ಸ್ವಲ್ಪವಾಗಿ ಸೀಳುತ್ತದೆ. ಸಂದು ಗುಹೆ ಆಗುತ್ತದೆ, ಗುಹೆ ಆಚೆಗೂ ತೂತಾದರೆ ಕಮಾನು, ಕಮಾನು ಬಿದ್ದರೆ ಒಂಟಿ ಕಂಬ.

ಇನ್ನೊಂದು ದಿನ ಇದ್ದರೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ. ಅಲ್ಲಿ ಬಿರುಕು ಅಲೆಯಿಂದ ಹುಟ್ಟಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಹರಿದ ಲಾವಾ ತಣ್ಣಗಾಗಿ ಕುಗ್ಗಿ, ಒಣಗಿದ ಕೆರೆಯ ಮಣ್ಣಿನ ಹಾಗೆ ಬಿಟ್ಟುಕೊಂಡಿದ್ದು. ಅದಕ್ಕೇ ಐದು ಮೂಲೆ, ಆರು ಮೂಲೆಯ ಕಂಬಗಳು. ಬಾಟಲಿಯ ನೀರು ಸ್ವಲ್ಪ ಉಳಿಸಿಕೊಂಡಿರಿ. ಒಂದು ಕಂಬದ ತಲೆ ಮೇಲೆ ಹನಿಸಿ, ಒಣಗುವವರೆಗೆ ಪಕ್ಕದಲ್ಲೇ ಕೂತು ನೋಡಿ.